ಮಾವನವರ ಕಾರು ಹೋದ ದಿಕ್ಕು

ಮೂವತ್ತಾರು ವರ್ಷ ಮೇಷ್ಟ್ರಾಗಿದ್ದವನು ನಾನು. ನಲವತ್ತೆಂಟು ಮಕ್ಕಳ ತರಗತಿಯನ್ನು ಒಂದೇ ಒಂದು ಕೆಮ್ಮಿನಿಂದ ಸುಮ್ಮನಾಗಿಸುತ್ತಿದ್ದೆ. ಅಂಥ ನನ್ನ ಮಾತನ್ನು ನಮ್ಮ ಮನೆಯಲ್ಲಿ ಹೆಂಡತಿ ಕೇಳುವುದಿಲ್ಲ, ಮಗಳು ಕೇಳುವುದಿಲ್ಲ. ಹೋಗಲಿ, ಅವರಿಗೆ ಬಾಯಿದೆ. ಬಾಯಿಯೇ ಇಲ್ಲದ ಹಳೆಯ ಕಾರೊಂದು ಸಹ ಕೇಳಲಿಲ್ಲವೆಂದರೆ ಯಾರ ಮುಂದೆ ದೂರು ಹೇಳಿಕೊಳ್ಳಲಿ? ಅದಕ್ಕೇ ನಿಮ್ಮ ಮುಂದೆ ಕುಳಿತಿದ್ದೇನೆ.

ಕಾರು ಮಾವನವರದು. (ಎಂದರೆ ನನ್ನ ಹೆಂಡತಿಯ ತಂದೆಯವರದು. ಗಡಿಯಾರ ರಿಪೇರಿ ಮಾಡುತ್ತಿದ್ದ, ಮಿತಭಾಷಿಯಾದ ಸಜ್ಜನರು.) ದುಂಡು ಮೂತಿಯ, ಎರಡು ಬಾಗಿಲಿನ, ಮೂರು ಸಿಲಿಂಡರಿನ ಟೂ-ಸ್ಟ್ರೋಕ್ ಕಾರು. ಅದಕ್ಕೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಕುಡಿಸಬೇಕು. ಕುಡಿದ ಮೇಲೆ ನೀಲಿ ಹೊಗೆ ಬಿಡುತ್ತಾ ಡುರ್‌ಡುರ್ ಎಂದು ನಡೆಯುತ್ತದೆ. ನನ್ನ ಮಗಳು ಹುಟ್ಟಿ ಮೂರನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರ ಹಿಂದಿನ ಸೀಟಿನಲ್ಲಿ. ಗೇಟಿನ ಮುಂದೆ ಎಂಜಿನ್ ನಿಂತದ್ದೇ ತಡ, ಕೂಸು ಕಿಟಾರನೆ ಕಿರುಚಿಕೊಂಡಿತು. ಮಾವನವರು ಒಂದು ಮಾತೂ ಆಡದೆ ಮತ್ತೆ ಎಂಜಿನ್ ಚಾಲೂ ಮಾಡಿ, ಅದು ನಿದ್ದೆಹೋಗುವವರೆಗೆ ನಮ್ಮ ಬೀದಿಯನ್ನು ಒಂಬತ್ತು ಸುತ್ತು ಹಾಕಿದರು. ಆ ಒಂಬತ್ತು ಸುತ್ತುಗಳನ್ನು ನಾನು ಮರೆತವನಲ್ಲ.

ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಕಾರು ನಮ್ಮ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಾ ಕುಳಿತಿತ್ತು. ಒಂದು ಬೆಳಗ್ಗೆ ಅತ್ತೆಯವರು ಫೋನು ಮಾಡಿದರು. ಮಗನ ಮನೆಯಲ್ಲಿರುವ ಅವರು ನನಗೆ ಫೋನು ಮಾಡುವುದು ಅಪರೂಪ. ಮಾಡಿದರೆ ನಾನು ಎದ್ದು ನಿಂತೇ ಮಾತಾಡುತ್ತೇನೆ.

"ಅಳಿಯಂದಿರೇ, ಆ ಗಾಡಿ ಓಡಿಸ್ತೀರೋ, ಇಲ್ಲ ಅದರಲ್ಲಿ ಕೋಳಿ ಸಾಕ್ತೀರೋ?"

"ಓಡಿಸ್ತೀನಿ ಅತ್ತೆ. ಬರೋ ತಿಂಗಳು ಹೇಗಾದ್ರೂ..."

"ಹಾಗಾದ್ರೆ ಬರೋ ತಿಂಗಳ ಕೊನೇ ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ. ನನ್ನ ಕೂರಿಸ್ಕೊಂಡು ಬೀದಿ ತುದೀಲಿರೋ ಅಂಚೆ ಪೆಟ್ಟಿಗೆ ತನಕ ಹೋಗಿ ಬನ್ನಿ. ಆಗ್ಲಿಲ್ವಾ, ಅವತ್ತೇ ಗುಜರಿಯವನಿಗೆ ಕೊಟ್ಬಿಡೋಣ. ಅವರು ಅಷ್ಟು ಜೋಪಾನ ಮಾಡಿದ್ದು ಹೀಗೆ ಕೂತು ಕೊಳೆಯೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ಫೋನು ಇಟ್ಟ ಮೇಲೆ ನನ್ನ ಎದೆಯೇ ಟೂ-ಸ್ಟ್ರೋಕಿನಂತೆ ಹೊಡೆದುಕೊಳ್ಳತೊಡಗಿತು. ನನಗೆ ಸೈಕಲ್ಲಿನ ಚೈನು ಹಾಕುವುದೂ ಪೂರ್ತಿ ಬಾರದು. ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಬಾನೆಟ್ ಎತ್ತಿ ನೋಡಿ, "ಇದನ್ನ ನಮ್ಮಪ್ಪ ಮಾಡ್ತಿದ್ರು ಸಾರ್. ಅವರೂ ಹೋದ್ರು" ಎಂದು ಬಾನೆಟ್ಟನ್ನು ಭಕ್ತಿಯಿಂದ ಮುಚ್ಚಿ ನಡೆದ. ಅಲ್ಲಿಗೆ ಕುಟುಂಬವೇ ಗತಿ ಎಂದಾಯಿತು.

ಈ ಎಂಜಿನ್ನಿನಲ್ಲಿ ಚಲಿಸುವ ಭಾಗಗಳು ಏಳೇ ಏಳು ಎಂದು ಮಾವನವರು ಹೇಳುತ್ತಿದ್ದರು. ನಾವು ಬಿಚ್ಚಿ ಎಣಿಸಿದಾಗ ಇನ್ನೂರ ಹನ್ನೊಂದು ಬಂದವು. ಉಳಿದವು ಚಲಿಸುವ ಜಾತಿಯವಲ್ಲವೆಂಬುದು ನಿಜವಿರಬಹುದು. ಆದರೆ ಮಂಚದ ಕೆಳಗೆ ಉರುಳಿಹೋಗುವಷ್ಟು ಚಲನೆ ಎಲ್ಲಕ್ಕೂ ಇತ್ತು. ನಾನು ಶಾಲೆಯ ಪದ್ಧತಿಯನ್ನೇ ಜಾರಿಗೆ ತಂದೆ. ಊಟದ ಮೇಜಿನ ಮೇಲೆ ಸಾಲಾಗಿ ಮೊಟ್ಟೆಯ ಟ್ರೇಗಳು, ಒಂದೊಂದು ಗುಳಿಗೂ ಒಂದೊಂದು ಭಾಗ, ಬೆಳಗ್ಗೆ ಸಂಜೆ ಹಾಜರಿ.

"ದೊಡ್ಡ ವಾಷರ್?"

"ಹಾಜರ್ ಸಾರ್," ಎನ್ನುತ್ತಿದ್ದಳು ಹೆಂಡತಿ, ಮೇಜಿನ ತುದಿಯಲ್ಲಿ ತಟ್ಟೆಗೆ ಜಾಗ ಹುಡುಕುತ್ತಾ. "ಚಿಕ್ಕ ವಾಷರ್‌ಗೆ ಜ್ವರ. ನಿನ್ನೆ ಸಿಂಕಿನಲ್ಲಿ ಬಿದ್ದು ನೆನೆದಿತ್ತು."

"ತಮಾಷೆ ಮಾಡ್ಬೇಡ ಕಣೇ. ಇದು ನಿಮ್ಮಪ್ಪನ ಗಾಡಿ."

"ಗಾಡಿ ನಮ್ಮಪ್ಪಂದು ರೀ. ಆದ್ರೆ ಕಾರ್ಬುರೇಟರ್ ಕುದಿಸಿದ್ರಲ್ಲ, ಆ ಹಾಲಿನ ಪಾತ್ರೆ ನಂದು. ಇವತ್ತಿಂದ ನಿಮ್ಮ ಪಾಲಿನ ಹಾಲು ಅದರಲ್ಲೇ ಕಾಯುತ್ತೆ, ಹೇಳಿದ್ದೀನಿ."

ಬಾಯಿ ಹೀಗಾದರೂ ಅವಳ ಕೈ ಬಂಗಾರ. ಮಸಿ ಹಿಡಿದ ಪಿಸ್ಟನ್‌ಗಳನ್ನು ಕನ್ನಡಿಯಾಗುವಂತೆ ತಿಕ್ಕಿದಳು, ಹರಿದ ಸೀಟುಗಳನ್ನು ಹೊಲಿದಳು. ಮಗಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳು ಗಾಜಿನ ಅಳತೆ ಕೊಳವೆ ಹಿಡಿದು ನಲವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲನ್ನು ಹನಿ ಲೆಕ್ಕದಲ್ಲಿ ಬೆರೆಸಿದಳು. ಮರುಜೋಡಣೆಯೂ ಅವಳದೇ. ಹಾಗಾದರೆ ನನ್ನ ಪಾಲು? ನಾನು ಟಿಪ್ಪಣಿ ಬರೆದೆ. ಬಿಚ್ಚುವಾಗಲೇ ಕಾರಿನ ಮುಂದೆ ನಿಂತು, ಯಾವ ಭಾಗ ಎಡಕ್ಕೆ, ಯಾವುದು ಬಲಕ್ಕೆ, ಯಾವುದನ್ನು ಎತ್ತ ತಿರುಗಿಸಿ ಬಿಗಿಯಬೇಕು ಎಂಬುದನ್ನೆಲ್ಲ ಅಲ್ಪವಿರಾಮ ಸಹಿತ, ಸ್ಫುಟವಾದ ಅಕ್ಷರಗಳಲ್ಲಿ ಎಪ್ಪತ್ತೆರಡು ಪುಟ ಬರೆದಿಟ್ಟೆ.

ಆ ಭಾನುವಾರ ಬಂತು. ಮೂರೂವರೆಗೇ ಗುಜರಿಯವನು ತಕ್ಕಡಿ ಹೇರಿಕೊಂಡ ಕೈಗಾಡಿಯೊಡನೆ ಗೇಟಿನ ಬಳಿ ಬಂದು ನಿಂತ. (ಅತ್ತೆಯವರೇ ಹೇಳಿ ಕಳಿಸಿದ್ದರಂತೆ. ಅಳಿಯನ ಮೇಲೆ ಎಷ್ಟು ನಂಬಿಕೆ ನೋಡಿ!) ಮೂರೂ ಮುಕ್ಕಾಲಿಗೆ ನಾನು ಕಾರನ್ನು ಬೀದಿಗೆ ತಳ್ಳಿಸಿ, ಕಣ್ಣು ಮುಚ್ಚಿ ಬೀಗದ ಕೈ ತಿರುಗಿಸಿದೆ. ಕೆಮ್ಮಿತು, ಸೀನಿತು, ಆಮೇಲೆ, ಆಹಾ! ಡುರ್‌ಡುರ್! ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಹೊಗೆಯಿಂದಲ್ಲ ಎಂದು ನನಗೆ ಗೊತ್ತು.

ಹೆಮ್ಮೆಯಿಂದ ಮೊದಲನೆಯ ಗೇರು ಹಾಕಿ ಕ್ಲಚ್ ಬಿಟ್ಟೆ. ಕಾರು ಹಿಂದಕ್ಕೆ ಹೋಯಿತು.

ಎರಡನೆಯ ಗೇರು ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು.

ಮಗಳು ಓಡಿ ಬಂದು ಕಿಟಕಿಯಲ್ಲಿ ತಲೆ ಹಾಕಿದಳು. "ಅಪ್ಪಾ, ಎಂಜಿನ್ನೇ ಉಲ್ಟಾ ತಿರುಗ್ತಿದೆ! ಟೂ-ಸ್ಟ್ರೋಕ್ ಹಾಗೆ ತಿರುಗಬಹುದು ಅಂತ ಓದಿದ್ದೆ. ಕಿಡಿ ಹಾರೋ ಹೊತ್ತನ್ನ ಒಂದು ಪಾಯಿಂಟ್ ಪ್ಲೇಟು ತೀರ್ಮಾನ ಮಾಡುತ್ತಲ್ಲ, ಅದನ್ನ ಎಡಕ್ಕೆ ತಿರುಗಿಸಿ ಬಿಗಿ ಅಂತ ಬರೆದಿದ್ರಿ. ಬಿಗಿದೆ. ಅದು ನಿಜವಾಗ್ಲೂ ಎಡಕ್ಕೇನಾ?"

ನನಗೆ ಬೆವರೊಡೆಯಿತು. ಮೂವತ್ತಾರು ವರ್ಷ ಮಕ್ಕಳಿಗೆ ಕವಾಯತು ಮಾಡಿಸುವಾಗ, ಎದುರು ನಿಂತವರಿಗೆ ಗೊಂದಲವಾಗದಿರಲೆಂದು, ನಾನು "ಎಡಗೈ ಎತ್ತಿ" ಎನ್ನುತ್ತಾ ನನ್ನ ಬಲಗೈ ಎತ್ತುತ್ತಿದ್ದೆ. ನನ್ನ ಎದುರಿಗೆ ಯಾರೇ ನಿಲ್ಲಲಿ, ನನ್ನ ಬಲ ಅವರಿಗೆ ಎಡ. ಕಾರೂ ನನ್ನ ಎದುರಿಗೇ ನಿಂತಿತ್ತಲ್ಲ, ಅದನ್ನೂ ಒಬ್ಬ ವಿದ್ಯಾರ್ಥಿಯೆಂದೇ ಕೈ ಬರೆದುಬಿಟ್ಟಿತ್ತು. ಬೇರೆ ಭಾಗಗಳು ತಪ್ಪು ಜಾಗದಲ್ಲಿ ಕೂರಲೊಲ್ಲದೆ ತಾವೇ ತಿದ್ದಿಕೊಂಡಿದ್ದವು. ಈ ಪಾಯಿಂಟ್ ಪ್ಲೇಟು ಮಾತ್ರ ವಿಧೇಯ ವಿದ್ಯಾರ್ಥಿಯಂತೆ ಮೇಷ್ಟ್ರು ಹೇಳಿದತ್ತ ತಿರುಗಿ ಕುಳಿತಿತ್ತು.

"ಎರಡೇ ನಿಮಿಷ ಅಪ್ಪಾ. ಸ್ಕ್ರೂಡ್ರೈವರ್ ಕೊಡಿ, ಸರಿಮಾಡ್ತೀನಿ."

ಕೊಡುವವನಿದ್ದೆ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಟ್ಯಾಕ್ಸಿಯೊಂದು ಕಾಣಿಸಿತು. ಅದರೊಳಗೆ ಅತ್ತೆಯವರ ಬೆಳ್ಳಗಿನ ತಲೆ. ಬಾನೆಟ್ ತೆರೆದು, ಕೈಯೆಲ್ಲ ಮಸಿ ಮಾಡಿಕೊಂಡು, "ಸ್ವಲ್ಪ ತಪ್ಪಾಗಿದೆ ಅತ್ತೆ" ಎನ್ನುವುದೇ? ಗುಜರಿಯವನ ಎದುರಿಗೆ? ಆಗ ನನಗೊಂದು ದಿವ್ಯವಾದ ಹೊಳಹು ಬಂತು. ಮುಂದಿನ ಗೇರಿಗೆ ಹಿಂದಕ್ಕೆ ಹೋಗುವ ಕಾರು ಹಿಂದಿನ ಗೇರಿಗೆ ಮುಂದಕ್ಕೆ ಹೋಗಲೇಬೇಕು!

"ಬಾನೆಟ್ ಮುಟ್ಟಬೇಡ! ಯಾರೂ ತುಟಿ ಬಿಚ್ಚಬೇಡಿ."

"ರೀ, ಬೇಡ ರೀ..." ಎಂದಳು ಹೆಂಡತಿ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಕೇಳಿಸಿಕೊಳ್ಳಲಿಲ್ಲ.

ಅತ್ತೆಯವರು ಬಂದು, ಸೀಟನ್ನೊಮ್ಮೆ ಸವರಿ, ನನ್ನ ಪಕ್ಕದಲ್ಲಿ ಕುಳಿತರು. ನಾನು ರಿವರ್ಸ್ ಗೇರು ಹಾಕಿದೆ. ಕಾರು ಗುಂಯ್ ಎಂದು ನರಳುತ್ತಾ, ಆಮೆಯೂ ನಾಚುವ ವೇಗದಲ್ಲಿ, ಮುಂದಕ್ಕೇ ಹೊರಟಿತು!

"ನಿಧಾನ ಇದೆಯಲ್ಲ," ಎಂದರು ಅತ್ತೆಯವರು.

"ಬಹಳ ದಿನ ಆಯ್ತಲ್ಲ ಅತ್ತೆ, ಕಾಲು ಹಿಡ್ಕೊಂಡಿದೆ."

"ಯಾರದು?"

ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಪಕ್ಕದಲ್ಲಿ ನಡೆದು ಹೋಗುತ್ತಿದ್ದ ಹಾಲಿನವನು ನಮ್ಮನ್ನು ದಾಟಿಹೋದ. ಅಂಚೆ ಪೆಟ್ಟಿಗೆ ಬಂತು. ಅದರ ಕೆಂಪು ಬಣ್ಣ ಅಷ್ಟು ಸುಂದರವೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಇನ್ನು ತಿರುಗಿಸುವುದೊಂದೇ ಬಾಕಿ. ಅಲ್ಲಿ ಸ್ಟೀರಿಂಗ್ ಸುತ್ತುವ ಗಡಿಬಿಡಿಯಲ್ಲಿ ಕ್ಲಚ್ ಬಿಟ್ಟುಬಿಟ್ಟೆ. ಎಂಜಿನ್ ಗಕ್ಕನೆ ನಿಂತಿತು. ಮತ್ತೆ ಬೀಗದ ಕೈ ತಿರುಗಿಸಿದೆ. ಡುರ್‌ಡುರ್! ದೇವರಿದ್ದಾನೆ ಎಂದುಕೊಂಡು, ಅದೇ ರಿವರ್ಸ್ ಗೇರು ಹಾಕಿ, ಈ ಸಲ ನಿಲ್ಲದಿರಲೆಂದು ಆಕ್ಸಿಲರೇಟರನ್ನು ಬಲವಾಗಿ ಒತ್ತಿದೆ.

ಅದು ಯಾವಾಗಲೂ ಉಲ್ಟಾ ತಿರುಗಬೇಕೆಂದೇನೂ ಇಲ್ಲವಂತೆ. ಆ ಪ್ಲೇಟು ಅಡ್ಡಾದಿಡ್ಡಿ ಕುಳಿತಾಗ, ಪ್ರತಿ ಸಲವೂ ಎಂಜಿನ್ ತನಗೆ ಮನಸ್ಸು ಬಂದ ಕಡೆಗೆ ತಿರುಗುತ್ತದಂತೆ. ಈ ಸಲ ಅದಕ್ಕೆ ಸರಿಯಾದ ಕಡೆಗೆ ತಿರುಗಲು ಮನಸ್ಸು ಬಂದಿತ್ತು.

ಬಂದ ದಾರಿಯಲ್ಲೇ ನಾವು ಬೆನ್ನು ಮುಂದಾಗಿ ಹಾರಿದೆವು. ಅಂಚೆ ಪೆಟ್ಟಿಗೆ ನೋಡನೋಡುತ್ತ ಕಿರಿದಾಯಿತು. ಹಾಲಿನವನು ಯಾರದೋ ಗೇಟು ಹತ್ತಿದ. ಬ್ರೇಕು ಎಂಬುದೊಂದು ಇದೆಯೆಂಬುದೇ ನನಗೆ ಮರೆತುಹೋಗಿ, ಹಾರ್ನ್ ಮಾತ್ರ ಒತ್ತುತ್ತಿದ್ದೆ. ಹಿಂದಿನ ಗಾಜಿನಲ್ಲಿ ನಮ್ಮ ಗೇಟು, ಕೈಗಾಡಿ, ಕಾಂಪೌಂಡು ಹತ್ತುತ್ತಿರುವ ಗುಜರಿಯವನು, ಎಲ್ಲ ದೊಡ್ಡದಾಗುತ್ತಾ ಬಂದವು. ಆಗ ಅತ್ತೆಯವರು, ನಡುವೆ ಇದ್ದ ಕೈಬ್ರೇಕನ್ನು, ಬಾವಿಯಿಂದ ಕೊಡ ಎಳೆಯುವವರಂತೆ, ಎರಡೂ ಕೈಯಲ್ಲಿ ಎಳೆದರು. ಕೈಗಾಡಿಗೆ ಒಂದು ಗೇಣು ಇರುವಂತೆ ಕಾರು ನಿಂತಿತು.

ಹೊಗೆ ಕರಗಲು ಒಂದು ನಿಮಿಷ ಬೇಕಾಯಿತು.

"ಅತ್ತೆ," ಎಂದೆ, "ಹೋಗಿ ಬಂದ್ವಲ್ಲ..."

"ಬಂದ್ವಿ. ರಿವರ್ಸ್ ಗೇರಲ್ಲಿ ಮುಂದಕ್ಕೆ ಹೋಗ್ತಿದ್ದೀರಿ ಅಂತ ಹೊರಟಾಗ್ಲೇ ಗೊತ್ತಾಯ್ತು. ಮೂವತ್ತು ವರ್ಷ ಈ ಸೀಟಲ್ಲಿ ಕೂತೋಳು ನಾನು, ಅದರ ಗುಂಯ್ ಗೊತ್ತಾಗಲ್ವಾ? ನಿಮ್ಮ ಮಾವನವರ ಕೈಲೂ ಒಂದ್ಸಲ ಹೀಗೇ ಆಗಿತ್ತು."

"ಹೌದಾ!" ನನಗೆ ಹೋದ ಜೀವ ಬಂತು.

"ಹೂಂ. ಅವರು ಅಲ್ಲೇ ನಿಲ್ಲಿಸಿ, 'ತಪ್ಪಾಯ್ತು ಕಣೇ, ಟಾರ್ಚ್ ಹಿಡಿ' ಅಂದ್ರು. ನಾನು ಹಿಡಿದೆ." ಅವರು ಕೆಳಗಿಳಿದು ಮೊಮ್ಮಗಳ ಕಡೆ ತಿರುಗಿದರು. "ಬಾನೆಟ್ ಎತ್ತು ಮಗಳೇ. ಸ್ಕ್ರೂಡ್ರೈವರ್ ತಾ."

ಅಜ್ಜಿ ಬೆರಳು ತೋರಿಸಿದರು, ಮಗಳು ತಿರುಗಿಸಿದಳು, ಹೆಂಡತಿ ಟಾರ್ಚ್ ಹಿಡಿದಳು. ಎರಡೇ ನಿಮಿಷ. ಆಮೇಲೆ ಎಂಜಿನ್ ಹೊರಡಿಸಿದ ನಾದವನ್ನು ಕೇಳಿ ಅತ್ತೆಯವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು.

"ಗಾಡಿ ಇರ್ಲಿ," ಎಂದರು. "ಯಾರಿಗೂ ಕೊಡೋದು ಬೇಡ."

ನಾನು ಸಂತೋಷದಿಂದ ಓಡಿಹೋಗಿ ಬಾಗಿಲಿಗೆ ಕೈ ಹಾಕಿದೆ. ಅಷ್ಟರಲ್ಲಿ ಮಗಳು ಸ್ಟೀರಿಂಗಿನ ಮುಂದೆ, ಅತ್ತೆಯವರು ಅವಳ ಪಕ್ಕದಲ್ಲಿ, ಹೆಂಡತಿ ಹಿಂದೆ ಕುಳಿತಾಗಿತ್ತು.

"ನಾನು?"

"ಸಿಲಿಂಡರ್ ಮೂರೇ ಇರೋದು ಅಳಿಯಂದಿರೇ. ಮೂರು ಜನ ಸಾಕು."

ಡುರ್‌ಡುರ್ ಎನ್ನುತ್ತಾ, ನಾಲ್ಕೂ ಗೇರುಗಳಲ್ಲಿ, ಅವರು ಬೀದಿ ದಾಟಿ, ಅಂಚೆ ಪೆಟ್ಟಿಗೆಯನ್ನೂ ದಾಟಿ ಕಣ್ಮರೆಯಾದರು. ಉಳಿದದ್ದು ನೀಲಿ ಹೊಗೆ, ನಾನು, ಮತ್ತು ಕಾಂಪೌಂಡಿನಿಂದ ಇಳಿದು ಬಂದ ಗುಜರಿಯವನು. ಅವನು ತಕ್ಕಡಿಯ ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಟ್ಟುಸಿರಿಟ್ಟ.

"ಬರಿಗೈಲಿ ಹೋಗೋದು ಕಷ್ಟ ಮೇಷ್ಟ್ರೇ. ಈ ಮನೇಲಿ ಹಳೇದು, ಉಪಯೋಗಕ್ಕೆ ಬಾರದ್ದು, ಇನ್ನೇನಾದ್ರೂ ಇದೆಯಾ?"

ಹೀಗೆಂದವನು ಉತ್ತರಕ್ಕೂ ಕಾಯದೆ, ನನ್ನ ಕನ್ನಡಕದಿಂದ ಚಪ್ಪಲಿಯವರೆಗೆ ಒಮ್ಮೆ ಅಳೆದು ನೋಡಿದ. ಅತ್ತೆಯವರು ವಾಪಸು ಬರುವ ಹೊತ್ತಾಗಿತ್ತು. ಅವರನ್ನೇ ಕೇಳಿದರೆ ಏನೆನ್ನುವರೋ ಎಂದು ಭಯವಾಗಿ, ನಾನು ಸರಸರನೆ ಒಳಗೆ ಹೋಗಿ ಅಗುಳಿ ಹಾಕಿಕೊಂಡೆ.