ಚಿಪ್‌ಗೆ ಇಟ್ಟ ಕುಂಕುಮ

ಮಧ್ಯಾಹ್ನದ ತೂಕಡಿಕೆಯನ್ನು ಬೈಯುವವರಿಗೆ ಸರಿಯಾಗಿ ತೂಕಡಿಸಲು ಬರುವುದಿಲ್ಲ, ಅಷ್ಟೇ. ರಾಜಾಜಿನಗರದಲ್ಲಿ ನಾನು ಕೆಲಸಕ್ಕಿದ್ದ ಮಹಡಿಯ ಮೇಲೆ ಶ್ಲೋಕ ಹೇಳುವ ಪುಟ್ಟ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಸರಿಯಿದೆಯೇ ನೋಡಲೆಂದು ಒಂದಾದರೂ ಮೆಲ್ಲಗೆ ಗುನುಗುತ್ತಲೇ ಇರುತ್ತಿತ್ತು. ಬೆಸುಗೆಯ ವಾಸನೆ, ಫ್ಯಾನಿನ ಗಾಳಿ, ಆ ಗುನುಗು ಸೇರಿದರೆ ನಾನು ಸ್ಟೂಲಿನ ಮೇಲೆಯೇ ತೇಲಿಹೋಗುತ್ತಿದ್ದೆ. ಅಷ್ಟೂ ಶ್ಲೋಕ ಇರುತ್ತಿದ್ದದ್ದು ಎಂಟು ಕಾಲಿನ ಒಂದು ಕರಿಯ ಚಿಪ್‌ನಲ್ಲಿ. ಕಂಪ್ಯೂಟರಿನಿಂದ ಮಾತು ಚೂರುಚೂರಾಗಿ, ನಲ್ಲಿಯ ಮುಂದೆ ಕೊಡಗಳು ನಿಂತ ಹಾಗೆ ಸಾಲಾಗಿ ಅದರೊಳಕ್ಕೆ ಹೋಗುತ್ತದಂತೆ. ಆಮೇಲೆ ಕರೆಂಟು ಹೋದರೂ ಅದು ಮರೆಯುವುದಿಲ್ಲ. ನನಗೋ, ಚಪ್ಪಲಿ ಎಲ್ಲಿ ಬಿಟ್ಟೆ ಎಂಬುದೇ ನೆನಪಿರುವುದಿಲ್ಲ.

ತುಂಬಿಸಿದ ಚಿಪ್ಪಿಗೂ ಖಾಲಿಯದಕ್ಕೂ ನೋಡಲು ಏನೂ ವ್ಯತ್ಯಾಸವಿಲ್ಲ. ಹಾಗಾಗಿ ಇಂಜಿನಿಯರ್ ಹುಡುಗಿ ರೇಖಾ ತುಂಬಿಸಿ ಕೊಟ್ಟದ್ದಕ್ಕೆಲ್ಲ ಉಗುರುಬಣ್ಣದಲ್ಲಿ ಕೆಂಪು ಚುಕ್ಕೆ ಇಡುವುದು ನನ್ನ ಕೆಲಸ. ಅಕ್ಷರ ಕೂಡಿಸಿಕೊಂಡು ಓದುವವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗದು.

ಆಯುಧಪೂಜೆಯ ದಿನ ಮಾಲೀಕರು ನೀರಲ್ಲಿ ಕಲಸಿದ ಕುಂಕುಮದ ಬಟ್ಟಲನ್ನು ರೇಖಾಳ ಕೈಗೆ ಕೊಟ್ಟು, "ಮುತ್ತೈದೆ ಕೈಯಿಂದ ಆಗ್ಲಿ" ಅಂದರು. ನಾನು ಗಂಡ ಸತ್ತವಳು, ಮೂಲೆಗೆ ಹೋಗಿ ಕೂತೆ. ಬೇಜಾರೇನಿಲ್ಲ, ಒರಗಲು ಗೋಡೆ ಸಿಕ್ಕಿತು. ಧೂಪದ ಹೊಗೆಯಲ್ಲಿ ಕಣ್ಣು ಎಳೆಯಿತು. ಕನಸಿನಲ್ಲಿ ಚಿಪ್‌ಗಳೆಲ್ಲ ಒಂದೊಂದು ಮಾತು ಹೊತ್ತು, ಇರುವೆಸಾಲಿನಂತೆ ಪಕ್ಕದ ವಿಜಯನಗರದ ಕಡೆ ಇಳಿದು ಹೋಗುತ್ತಿದ್ದವು.

ಹಬ್ಬ ಕಳೆದು ಕೆಲಸ ಶುರುವಾದಾಗ ಹೊಸ ಪೆಟ್ಟಿಗೆಗಳು ಬಾಯೇ ಬಿಡಲಿಲ್ಲ. ದೀಪಾವಳಿಗೆ ಕೊಡಬೇಕಾದ ಮಾಲು. ಮಾಲೀಕರು ನನ್ನ ಮುಂದೆ ಬಂದು ನಿಂತರು.

"ಅಜ್ಜಿ, ಖಾಲಿ ಚಿಪ್ಪಿಗೆಲ್ಲ ಚುಕ್ಕೆ ಇಟ್ಟಿದೀರ. ಕಣ್ಣು ಮಂಜಾಗಿದೆ ನಿಮ್ಗೆ. ನಾಳೆಯಿಂದ ಮನೇಲಿ ಆರಾಮಾಗಿರಿ."

"ಮನೇಲಿ ಸೊಸೆ ಇದಾಳೆ ಸಾರ್. ಆರಾಮು ಇಲ್ಲೇ ಇರೋದು."

ಅವರು ನಗಲಿಲ್ಲ. ಕಣ್ಣು ಹೋಗಿರಬಹುದೆಂದು ನನಗೂ ಅನ್ನಿಸಿತು. ತಟ್ಟೆಯಲ್ಲಿ ಉಳಿದಿದ್ದ ಒಂದು ಚಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹೆಬ್ಬೆರಳು ಕೆಂಪಾಯಿತು. ಉಗುರುಬಣ್ಣ ಹಾಗೆ ಬಿಡುವುದಿಲ್ಲ.

"ರೇಖಾ, ಇದು ಕುಂಕುಮ ಕಣೇ."

ಅವಳು ಬಾಯಿಗೆ ಕೈ ಇಟ್ಟುಕೊಂಡಳು. "ಎಲ್ಲದಕ್ಕೂ ಇಡು ಅಂದ್ರು ಸಾರ್. ತಟ್ಟೇಲಿದ್ದ ಖಾಲಿ ಚಿಪ್ಪಿಗೂ ಇಟ್ಬಿಟ್ಟೆ ಅಜ್ಜಿ."

ಪೆಟ್ಟಿಗೆಗಳಲ್ಲಿ ಆಗಲೇ ಬೆಸುಗೆ ಹಾಕಿದ ಚಿಪ್‌ಗಳಿಗೆ ಕ್ಲಿಪ್ಪು ಕಚ್ಚಿಸಿ ಅಲ್ಲೇ ಮಾತು ತುಂಬಿಸಬಹುದಂತೆ. ತಟ್ಟೆಯಲ್ಲಿದ್ದವನ್ನು ಮಾತ್ರ ಒರೆಸಬೇಕು. ರೇಖಾ ಬಟ್ಟೆ ಹಿಡಿದುಕೊಂಡು ಹಿಂದೆ ಸರಿದಳು. "ಕುಂಕುಮ ಹೆಂಗೆ ಅಳಿಸ್ಲಿ? ಮದ್ವೆಯಾಗಿ ವರ್ಷನೂ ಆಗಿಲ್ಲ." ಮಾಲೀಕರು ಫ್ಯಾನು ನೋಡತೊಡಗಿದರು. ಅವರಿಗೂ ಹೆಂಡತಿ ಇದ್ದಾಳೆ.

"ಕೊಡೇ ಇಲ್ಲಿ. ನಂದು ಅಳಿಸಿ ಎಷ್ಟೋ ಕಾಲ ಆಯ್ತು, ಇನ್ನೇನು ಹೋಗ್ಬೇಕು?" ಅಂದೆ. "ನಾಳೆ ಬರೋದಾ, ಬೇಡ್ವಾ ಸಾರ್?"

"ಬನ್ನಿ ಅಜ್ಜಿ," ಅಂದರು, ಫ್ಯಾನಿನ ಕಡೆ ನೋಡುತ್ತಲೇ.

ಚಿಪ್‌ಗಳನ್ನೆಲ್ಲ ಒರೆಸಿದೆ. ಕೈ ಓಡುತ್ತಿತ್ತು, ಕಂಪ್ಯೂಟರಿನ ನೆತ್ತಿಯ ಮೇಲಿದ್ದ ಪೂಜೆಯ ಕುಂಕುಮವನ್ನೂ ಒರೆಸಿಬಿಟ್ಟೆ. ಮಾಲು ಹೋಯಿತು, ಆದರೆ ಮಾರನೆಯ ದಿನವೇ ಕಂಪ್ಯೂಟರು ಕೆಟ್ಟಿತು. ಎಲ್ಲರೂ ನನ್ನ ಮುಖ ನೋಡಿದರು. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೂ ನನ್ನ ಕೈ, ನಾನು ಹೇಳುವ ಮೊದಲೇ, ಸೆರಗಿನೊಳಗೆ ಅಡಗಿಕೊಂಡಿತ್ತು.