ಇಲ್ಲದ ಬ್ರಷ್ಷನ್ನು ಹಾಜರುಪಡಿಸುವ ಕುರಿತು

ಕಡತ ಸಾಗಣೆ ಇಲಾಖೆ
ಸುತ್ತೋಲೆ ಸಂಖ್ಯೆ: ಕಸ/ಬ್ರಷ್/೭(ಅ)

ವಿಷಯ: ಹಳೇ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಕಡತ ಒಯ್ಯುವ ದೊಡ್ಡ ಗಾತ್ರದ ರಿಮೋಟ್ ಕಾರಿನ ಬ್ರಷ್‌ಲೆಸ್ ಮೋಟಾರಿನಲ್ಲಿ ಬ್ರಷ್ ಇಲ್ಲದಿರುವ ಬಗ್ಗೆ.

ಉಲ್ಲೇಖ:
(೧) ತಪಾಸಣಾ ಶಾಖೆಯ ಟಿಪ್ಪಣಿ: "ಬ್ರಷ್ ಎಲ್ಲಿ?"
(೨) ಯಂತ್ರ ಶಾಖೆಯ ಉತ್ತರ: "ಇಲ್ಲ."
(೩) ತಪಾಸಣಾ ಶಾಖೆಯ ಮರುಟಿಪ್ಪಣಿ: "ಇಲ್ಲ ಅಂದರೆ ಎಲ್ಲಿ?"
(೪) ಅಟೆಂಡರ್ ಅಕ್ಕನವರ ಮೌಖಿಕ ಹೇಳಿಕೆ (ಕಲಂ ೯ ನೋಡುವುದು).

ಪ್ರಸ್ತಾವನೆ:

ಇಲಾಖೆಯ ಹಳೇ ಕಟ್ಟಡವನ್ನೂ ಹೊಸ ಕಟ್ಟಡವನ್ನೂ ಒಂದು ಇಳಿಜಾರು ಹಾದಿ ಸೇರಿಸುತ್ತದೆ. ಒಂದು ಕಡೆಯಿಂದ ಬರುವವರಿಗೆ ಅದು ಇಳಿಜಾರು, ಇನ್ನೊಂದು ಕಡೆಯಿಂದ ಬರುವವರಿಗೆ ಏರು. ಆದರೆ ಕಟ್ಟಡದ ನಕ್ಷೆಯಲ್ಲಿ "ಇಳಿಜಾರು" ಎಂದಷ್ಟೇ ನಮೂದಾಗಿರುವುದರಿಂದ, ಏರುವ ಕಷ್ಟವನ್ನು ಇಲಾಖೆ ಇದುವರೆಗೆ ಗುರುತಿಸಿರುವುದಿಲ್ಲ. ಈ ಹಾದಿಯಲ್ಲಿ ಕಡತ ಹೊತ್ತು ಹೋಗಿ ಬರುವವರು, ನಿರ್ದೇಶಕರಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರೂ "ಅಕ್ಕ" ಎಂದೇ ಕರೆಯುವ ಅಟೆಂಡರ್. ಅವರ ಬಲ ಮೊಣಕಾಲು ಊದಿಕೊಂಡಿದ್ದು, ಏರು ಹತ್ತಕೂಡದೆಂದು ವೈದ್ಯರು ಹೇಳಿರುತ್ತಾರೆ. ಹತ್ತಲಾಗದವರನ್ನು "ಕೆಲಸಕ್ಕೆ ಅಸಮರ್ಥ" ಎಂದು ಮನೆಗೆ ಕಳುಹಿಸಲು ನಿಯಮದಲ್ಲಿ ಅವಕಾಶವಿದೆ. ಇಂಥ ಅವಕಾಶಗಳಿಗೆ ನಮ್ಮ ನಿಯಮಗಳಲ್ಲಿ ಎಂದೂ ಬರ ಬಂದಿಲ್ಲ.

ಇದನ್ನು ಕಂಡು ಯಂತ್ರ ಶಾಖೆಯ ಮೆಕ್ಯಾನಿಕ್ (ಇನ್ನು ಮುಂದೆ "ಸ್ಪ್ಯಾನರ್ ಮಾಮ") ಮೊಣಕಾಲೆತ್ತರದ, ಬ್ಯಾಟರಿಯಲ್ಲಿ ಓಡುವ ರಿಮೋಟ್ ಕಾರೊಂದನ್ನು ಇಲಾಖೆಗೆ ತರಿಸಿ, ಅದರ ಮೇಲಿನ ಕವಚ ಕಳಚಿ, ಟ್ರೇ ಕೂರಿಸಿ, ರಿಮೋಟನ್ನು ಅಕ್ಕನವರ ಕೈಗೆ ಕೊಟ್ಟಿರುತ್ತಾರೆ. ಅಕ್ಕ ಹಾದಿಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು, ಕೂತಲ್ಲಿಂದಲೇ ಕಡತ ಕಳುಹಿಸತೊಡಗಿದರು. ಎಲ್ಲವೂ ಸುಸೂತ್ರವಾಗಿತ್ತು. ಅಷ್ಟರಲ್ಲಿ ತಪಾಸಣಾ ಶಾಖೆಯು ಡಬ್ಬದ ಮೇಲೆ ಬರೆದಿದ್ದನ್ನು ಓದಿತು.

ಆದ್ದರಿಂದ ಸಕಲ ಸಿಬ್ಬಂದಿಯ ಅವಗಾಹನೆಗೆ ಕೆಳಕಂಡ ಅಂಶಗಳನ್ನು ತರಲಾಗಿದೆ:

೧. ಡಬ್ಬದ ಮೇಲೆ "ಬ್ರಷ್‌ಲೆಸ್" ಎಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ಬ್ರಷ್ ಇಲ್ಲವೆಂದು ಸರಬರಾಜುದಾರರೇ ತಪ್ಪೊಪ್ಪಿಕೊಂಡಂತಾಗಿದೆ. ಬಿಡಿಭಾಗವಿಲ್ಲದೆ ಬಂದ ವಸ್ತು ಅಪೂರ್ಣ ವಸ್ತುವಾದ್ದರಿಂದ, ಬ್ರಷ್ ಸಿಗುವವರೆಗೆ ಕಾರನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಲಾಗಿದೆ. ಅಂದಿನಿಂದ ಕಡತಗಳು ಮತ್ತೆ ಅಕ್ಕನವರ ಮೊಣಕಾಲಿನ ಮೇಲೆಯೇ ಸಾಗುತ್ತಿವೆ.

೨. ಸ್ಪ್ಯಾನರ್ ಮಾಮ ಈ ಸಂಬಂಧ ವಿವರಣೆ ನೀಡಿರುತ್ತಾರೆ. ಹಳೇ ಬಗೆಯ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸಲು ಇಂಗಾಲದ ಎರಡು ತುಂಡುಗಳು ಸದಾ ಉಜ್ಜುತ್ತಿರುತ್ತವೆ. ಅವುಗಳಿಗೇ ಬ್ರಷ್ ಎಂದು ಹೆಸರು. ಹೊಸ ಬಗೆಯದರಲ್ಲಿ ಸುರುಳಿಗಳು ಇದ್ದಲ್ಲೇ ಇರುತ್ತವೆ, ಆಯಸ್ಕಾಂತ ತಿರುಗುತ್ತದೆ, ಒಂದು ಪೆಟ್ಟಿಗೆ ಮೂರು ತಂತಿಗಳಲ್ಲಿ ಸರದಿಯಂತೆ ಕರೆಂಟು ಹಂಚುತ್ತದೆ. ಉಜ್ಜುವಿಕೆಯೇ ಇಲ್ಲದ ಕಾರಣ ಬ್ರಷ್ಷೂ ಇಲ್ಲ, ಸವೆತವೂ ಇಲ್ಲ. ಈ ವಿವರಣೆ ತಪಾಸಣಾ ಶಾಖೆಗೆ ಪೂರ್ತಿ ಅರ್ಥವಾಗಿದೆ. ಆದರೆ ಅರ್ಥವಾಗಿರುವುದು ಒಪ್ಪಿಕೊಳ್ಳಲು ಸಾಕಷ್ಟು ಕಾರಣವಲ್ಲವೆಂದು ಸದರಿ ಶಾಖೆ ತಿಳಿಸಿದೆ.

೩. ತತ್ಪರಿಣಾಮವಾಗಿ, ಇಲ್ಲದ ಬ್ರಷ್ ಯಾರ ಬಳಿ ಇದ್ದರೂ ಹಾಜರುಪಡಿಸತಕ್ಕದ್ದೆಂದು ಹಿಂದಿನ ಸುತ್ತೋಲೆಯಲ್ಲಿ ಸೂಚಿಸಲಾಗಿತ್ತು. ಸಿಬ್ಬಂದಿಯು ಹಲ್ಲುಜ್ಜುವ, ಬೂಟು ಒರೆಸುವ, ಬಣ್ಣ ಬಳಿಯುವ ಹಾಗೂ ಬಾಟಲಿ ತೊಳೆಯುವ ಬ್ರಷ್ಷುಗಳನ್ನು ತಂದು ಗುಡ್ಡೆ ಹಾಕಿರುತ್ತಾರೆ. ಹಿರಿಯ ಗುಮಾಸ್ತರೊಬ್ಬರು ತಲೆ ಬಾಚುವ ಬ್ರಷ್ಷೊಂದನ್ನು, ತಮಗೆ ಅದರ ಅಗತ್ಯ ಮುಗಿದು ಬಹಳ ಕಾಲವಾಯಿತೆಂಬ ಷರಾದೊಂದಿಗೆ ಖಾಯಂ ಆಗಿ ಒಪ್ಪಿಸಿದ್ದಾರೆ. ಅವರ ತ್ಯಾಗವನ್ನು ಸ್ಮರಿಸಲಾಗಿದೆ.

೪. ಮೋಟಾರಿನ ಮೈಮೇಲೆ "ಎಂಟುನೂರು ಕೆವಿ" ಎಂದು ಮುದ್ರಿತವಾಗಿದೆ. ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬುದು ಇದರ ಅರ್ಥವೆಂದು ಸ್ಪ್ಯಾನರ್ ಮಾಮ ಹೇಳುವಷ್ಟರಲ್ಲಿ, ವಿದ್ಯುತ್ ಶಾಖೆಯವರು ಅದನ್ನು ಕಿಲೋವೋಲ್ಟ್ ಎಂದು ಓದಿಕೊಂಡು, ತಲೆಬುರುಡೆಯ ಫಲಕವನ್ನು ಕಾರಿಗೆ ತೂಗುಹಾಕಿ ದೂರ ಹೋಗಿ ನಿಂತಿದ್ದರು. ತಪ್ಪು ತಿಳಿದ ನಂತರವೂ ಫಲಕ ಹಾಗೆಯೇ ಇದೆ. ಅಪಾಯದ ಫಲಕ ಹಾಕಲು ಆದೇಶ ಬೇಕಾಗಿಲ್ಲ, ತೆಗೆಯಲು ಬೇಕು.

೫. ಭಾರ ಹೊತ್ತು ನಿಂತಲ್ಲಿಂದ ಹೊರಡುವಾಗ ಕಾರು ಮುಗ್ಗರಿಸದಿರಲೆಂದು ಮೋಟಾರಿನೊಳಗೆ ಸೆನ್ಸರ್ ಅಳವಡಿಸಲಾಗಿದೆ. ಬೆರಳಚ್ಚು ಶಾಖೆಯಲ್ಲಿ ಒಂದು ದೀರ್ಘ ಹೆಚ್ಚಾಗಿ ಅದು "ಸೆನ್ಸಾರ್" ಎಂದಾಗಿ, ಕಾರನ್ನು ಉಗ್ರಾಣದಿಂದ ಹೊರತೆಗೆಸಿ, ಸಿನಿಮಾ ನೋಡಿ ಸರ್ಟಿಫಿಕೇಟು ಕೊಡುವ ಮಂಡಳಿಗೆ ಕಳುಹಿಸಲಾಯಿತು. ಮಂಡಳಿಯ ಸದಸ್ಯರು ದೀಪ ಆರಿಸಿ ಅದನ್ನು ಮಧ್ಯಂತರದವರೆಗೆ ವೀಕ್ಷಿಸಿ, "ಮಕ್ಕಳೊಂದಿಗೆ ನೋಡಬಹುದು, ಕಥೆ ಇಲ್ಲ" ಎಂದು ದೃಢೀಕರಿಸಿದ್ದಾರೆ. ಸದರಿ ದೀರ್ಘವನ್ನು ಬೆರಳಚ್ಚು ಶಾಖೆಯು ಹಿಂಪಡೆದಿದೆ.

೬. ಮಂಡಳಿಯಿಂದ ಮರಳುವಾಗ ಮೂರು ತಂತಿಗಳ ಪೈಕಿ ಎರಡು ಅದಲುಬದಲಾಗಿದ್ದವು, ಸೆನ್ಸರಿನ ತಂತಿಯೂ ಕಳಚಿಕೊಂಡಿತ್ತು. ಹಾಗಾದರೆ ಇಂಥ ಮೋಟಾರು ಉಲ್ಟಾ ತಿರುಗುತ್ತದೆ. ಪರೀಕ್ಷೆಗೆಂದು ಬಿಟ್ಟಾಗ ಕಾರು ಮುಂದಕ್ಕೆ ಎಂದರೆ ಹಿಂದಕ್ಕೆ ಓಡಿ, ಕಡತವನ್ನು ಕಳುಹಿಸಿದವರ ಮೇಜಿನ ಬುಡಕ್ಕೇ ತಂದು ನಿಲ್ಲಿಸಿತು. ಕಳುಹಿಸಿದ ಕಡತ ತೀರ್ಮಾನವಾಗದೆ ವಾಪಸು ಬರುವುದು ಇಲಾಖೆಯ ವಾಡಿಕೆಯಾದ್ದರಿಂದ ಇಡೀ ದಿನ ಯಾರಿಗೂ ಅನುಮಾನ ಬರಲಿಲ್ಲ. ತಂತಿ ಸರಿಪಡಿಸಿದ ಮೇಲೆ ಕಡತವೊಂದು ಕಳುಹಿಸಿದ ದಿನವೇ ತಲುಪಿತು. ಆ ಶಾಖೆಯಲ್ಲಿ ಉಂಟಾದ ಗಾಬರಿಗೆ ಇಲಾಖೆ ವಿಷಾದಿಸುತ್ತದೆ.

೭. ಹಿರಿಯ ಅಧಿಕಾರಿಗಳು ಎದುರಾದಾಗ ಕಾರು ಎದ್ದು ನಿಲ್ಲುವುದಿಲ್ಲವೆಂಬ ದೂರು ಬಂದಿದೆ. ಮುಂದಿನ ಚಕ್ರಗಳನ್ನು ಒಂದು ಬದಿಗೆ ವಿನಯದಿಂದ ತಿರುಗಿಸಿ ನಿಂತರೆ ಅದನ್ನೇ ಎದ್ದು ನಿಂತಂತೆ ಭಾವಿಸತಕ್ಕದ್ದು.

೮. ಈ ನಡುವೆ, ಪರೀಕ್ಷೆ ಮುಗಿದು ಕಾರು ಮತ್ತೆ ಉಗ್ರಾಣ ಸೇರುವ ಮುನ್ನ, ಅಕ್ಕನವರು ಕಲಂ ೩ರ ಗುಡ್ಡೆಯಿಂದ ಹಲ್ಲುಜ್ಜುವ ಬ್ರಷ್ಷೊಂದನ್ನು ಆಯ್ದು, ಕಡತ ಕಟ್ಟುವ ದಾರದಿಂದ ಕಾರಿನ ಮುಂಭಾಗಕ್ಕೆ ಬಿಗಿದಿರುತ್ತಾರೆ. ತಪಾಸಣಾ ಶಾಖೆಯು ಬಂದು, ಬಗ್ಗಿ ನೋಡಿ, "ಬ್ರಷ್ ಇದೆ" ಎಂದು ಬರೆದು ಬೀಗ ತೆಗೆಯಿತು. ಈ ಸಂತೋಷ ಚಹಾ ಆರುವವರೆಗೂ ಉಳಿಯಲಿಲ್ಲ. ಕಡತ ಸಾಗಣೆ ಎಂಬುದರ ಮೊದಲಕ್ಷರಗಳನ್ನು ಕೂಡಿಸಿ ಬರೆಯುವುದು ನಮ್ಮಲ್ಲಿ ರೂಢಿ. ಹಾಗಾಗಿ ಸದರಿ ಕಡತದ ಸಂಖ್ಯೆ "ಕಸ/ಬ್ರಷ್/೭". ಇದನ್ನು ಕಂಡ ಸ್ವಚ್ಛತಾ ಶಾಖೆಯು, ಸಂಖ್ಯೆಯಲ್ಲಿ ಕಸವಿದೆ, ಬ್ರಷ್ ಇದೆ, ವಾಹನದ ಮೂತಿಯಲ್ಲೂ ಬ್ರಷ್ ಇದೆ, ಆದ್ದರಿಂದ ಇದು ಗುಡಿಸುವ ಯಂತ್ರವೆಂದೂ ತಮಗೆ ಸೇರತಕ್ಕದ್ದೆಂದೂ ಹಕ್ಕು ಮಂಡಿಸಿ, ಕಾರನ್ನು ಎತ್ತಿಕೊಂಡು ಹೋಗಲು ಇಬ್ಬರನ್ನು ಕಳುಹಿಸಿತು. ಫಲಕದಲ್ಲಿದ್ದ ತಲೆಬುರುಡೆ ನೋಡಿ ಅವರಿಬ್ಬರೂ ಬಾಗಿಲಲ್ಲೇ ನಿಂತರು. ಕಲಂ ೪ರಿಂದ ಆದ ಉಪಕಾರ ಇದೊಂದೇ.

೯. ಆ ಸಂದರ್ಭದಲ್ಲಿ ಅಕ್ಕನವರು ಕೆಳಗೆ ಸಹಿ ಮಾಡಿದವರ ಕೋಣೆಗೆ ಬಂದು, ಕುರ್ಚಿಯ ಬೆನ್ನು ಹಿಡಿದು ನಿಂತು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಸಾರ್, ಇದನ್ನೂ ತಗೊಂಡು ಹೋದ್ರೆ ನನ್ನನ್ನೂ ಕಳಿಸಿದ ಹಾಗೇನೇ. ಮನೇಲಿ ಕೂತ್ಕೊಂಡು ಗೋಡೆಗೆ ಕಡತ ತೋರಿಸ್ಲಾ? ಕಾಲು ನೋಯ್ತಿದೆ ಅಂದೆ. ಕೆಲಸ ಬೇಡ ಅಂದ್ನಾ?" ಈ ಪ್ರಶ್ನೆಗಳಿಗೆ ಉತ್ತರಿಸಲು ಕಾಲಾವಕಾಶ ಕೋರಲಾಯಿತು. ಅವರು ಆಯ್ತು ಎಂದು, ಮೇಜಿನ ಮೇಲಿದ್ದ ಕಡತಗಳನ್ನು ಎತ್ತಿಕೊಂಡು, ಏರು ಹತ್ತಿ ಹೋದರು. ಕೆಳಗೆ ಸಹಿ ಮಾಡಿದವರಿಗೆ ಇದರಿಂದ ಬಹಳ ಸಂಕಟವಾಗಿದೆ. ಸಂಕಟವನ್ನು ಎಲ್ಲಿ ನಮೂದಿಸಬೇಕೆಂಬ ಬಗ್ಗೆ ಆದೇಶವಿಲ್ಲದ ಕಾರಣ ಇಲ್ಲಿಯೇ ನಮೂದಿಸಲಾಗಿದೆ.

೧೦. ಮೇಲಿನ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಯಾವ ಶಾಖೆಯ ಮಾತನ್ನೂ ತೆಗೆದುಹಾಕದೆ, ಈ ಕೆಳಗಿನಂತೆ ಆದೇಶಿಸಿದೆ:

(ಅ) ಕಾರು ಗುಡಿಸುವ ಯಂತ್ರವೇ ಹೌದು. ಅದು ಇಂದಿನಿಂದ ಸ್ವಚ್ಛತಾ ಶಾಖೆಯ ಸ್ವತ್ತು.

(ಆ) ಇಳಿಜಾರು ಹಾದಿ ಅತ್ಯಂತ ಕೊಳಕಾಗಿರುವುದರಿಂದ, ಸದರಿ ಯಂತ್ರವು ಕಚೇರಿ ತೆರೆದಿರುವಷ್ಟು ಹೊತ್ತೂ ಹಳೇ ಕಟ್ಟಡದಿಂದ ಹೊಸ ಕಟ್ಟಡಕ್ಕೂ, ಹೊಸದರಿಂದ ಹಳೇದಕ್ಕೂ, ಎಡೆಬಿಡದೆ ಗುಡಿಸತಕ್ಕದ್ದು. ಹಲ್ಲುಜ್ಜುವ ಬ್ರಷ್ಷಿನ ಅಗಲವನ್ನು ಗಮನಿಸಿದರೆ ಈ ಕೆಲಸ ಸದ್ಯಕ್ಕೆ ಮುಗಿಯುವ ಲಕ್ಷಣವಿಲ್ಲ.

(ಇ) ಸ್ವಚ್ಛತಾ ಶಾಖೆಯ ಅಧಿಕಾರ ನೆಲಕ್ಕೆ ಮಾತ್ರ ಸೀಮಿತ. ನೆಲದಿಂದ ಮೇಲೆ, ಟ್ರೇಯಲ್ಲಿ ಏನಿದೆ ಎಂದು ಆ ಶಾಖೆ ಮೂಗು ತೂರಿಸತಕ್ಕದ್ದಲ್ಲ. ಟ್ರೇಯಲ್ಲಿ ಕಡತವಿದ್ದು, ಯಂತ್ರ ಆಚೆ ತುದಿ ಮುಟ್ಟಿ, ಅಲ್ಲಿ ಯಾರಾದರೂ ಅದನ್ನು ಎತ್ತಿಕೊಂಡರೆ ಅದು ಸಾಗಣೆಯಲ್ಲ. ಗುಡಿಸುವಾಗ ಆಕಸ್ಮಿಕವಾಗಿ ಸಂಭವಿಸಿದ ತಲುಪುವಿಕೆ.

(ಈ) ಯಂತ್ರದ ಚಾಲಕರು ಅಕ್ಕ. ಈ ಕೆಲಸವನ್ನು ಕುರ್ಚಿಯಲ್ಲಿ ಕೂತೇ ಮಾಡತಕ್ಕದ್ದು. ಕೂತು ಮಾಡುವ ಕೆಲಸಕ್ಕೆ ಏರು ಹತ್ತುವ ಸಾಮರ್ಥ್ಯ ಬೇಕಾಗಿಲ್ಲವಾದ್ದರಿಂದ, ಅಸಮರ್ಥರನ್ನು ಮನೆಗೆ ಕಳುಹಿಸುವ ನಿಯಮವು ಇವರತ್ತ ತಲೆ ಹಾಕತಕ್ಕದ್ದಲ್ಲ.

(ಉ) ಬ್ರಷ್ ಸವೆದಾಗ ಹೊಸದು ಕಟ್ಟತಕ್ಕದ್ದು. ಬ್ರಷ್‌ಲೆಸ್ ಮೋಟಾರಿನ ಈ ವಾಹನದಲ್ಲಿ ಸವೆಯುವ ಭಾಗ ಬ್ರಷ್ ಒಂದೇ ಎಂಬ ಸಂಗತಿಯನ್ನು ಸ್ಪ್ಯಾನರ್ ಮಾಮ ನಗದೆ ಗಮನಿಸತಕ್ಕದ್ದು.

(ಊ) ನಕ್ಷೆಯಲ್ಲಿ "ಇಳಿಜಾರು" ಎಂಬ ಪದದ ಪಕ್ಕದಲ್ಲಿ "ಮತ್ತು ಏರು" ಎಂದು ಇಂದೇ ಸೇರಿಸತಕ್ಕದ್ದು.

ಈ ಆದೇಶದಲ್ಲಿ ಸಂದೇಹವಿರುವವರು ಹಳೇ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಒಂದು ಹೊರೆ ಕಡತ ಹೊತ್ತು ನಡೆದು, ಬಳಿಕ ಸಂದೇಹವನ್ನು ಲಿಖಿತವಾಗಿ ಸಲ್ಲಿಸಬಹುದು.

(ಸಹಿ)
ಉಪನಿರ್ದೇಶಕರು, ಚಲನ ವಿಭಾಗ
ಕಡತ ಸಾಗಣೆ ಇಲಾಖೆ

ಪ್ರತಿಗಳು:

೧. ತಪಾಸಣಾ ಶಾಖೆ: ಇಲ್ಲದ ಬ್ರಷ್ಷಿನ ಹುಡುಕಾಟವನ್ನು ಮುಂದುವರಿಸಲು.

೨. ಸ್ವಚ್ಛತಾ ಶಾಖೆ: ಹೊಸ ಸ್ವತ್ತಿನ ಬಗ್ಗೆ ಹೆಮ್ಮೆಪಡಲು, ಹಾಗೂ ದೂರದಿಂದಲೇ ನೋಡಲು.

೩. ವಿದ್ಯುತ್ ಶಾಖೆ: ತಲೆಬುರುಡೆಯನ್ನು ಇದ್ದಲ್ಲೇ ಇರಿಸಲು.

೪. ಹಿರಿಯ ಗುಮಾಸ್ತರು: ಬಾಚುವ ಬ್ರಷ್ ಹಿಂತಿರುಗಿಸಲಾಗುವುದಿಲ್ಲ.

೫. ಸ್ಪ್ಯಾನರ್ ಮಾಮ: ಮೂರು ತಂತಿಗಳನ್ನು ಇನ್ನೊಮ್ಮೆ ನೋಡಿಬಿಡಲು.

೬. ಅಕ್ಕ: ಈ ಪ್ರತಿಗಾಗಿ ಎದ್ದು ಬರಬೇಕಾಗಿಲ್ಲ, ಕಾರೇ ತಂದುಕೊಡುತ್ತದೆ. ಈ ಒಂದು ಸಲ ರಿಮೋಟ್ ಕೆಳಗೆ ಸಹಿ ಮಾಡಿದವರ ಕೈಯಲ್ಲಿರುತ್ತದೆ. ಅವರಿಗೆ ಅಭ್ಯಾಸ ಸಾಲದ್ದರಿಂದ ಕಾಲು ಸ್ವಲ್ಪ ಹಿಂದಕ್ಕೆ ಇಟ್ಟುಕೊಳ್ಳುವುದು.