ಶಾರದೆಯ ಮುಂದೆ ಮತ್ಸ್ಯಕನ್ಯೆ

ದೇವರ ದಯೆಯಿಂದ ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಮನೆಯಲ್ಲಿ ನಗುವಿಗೆ ಬರವಿಲ್ಲ. ಕರೆಯದಿದ್ದರೂ ಬಂದು ಕೂತುಬಿಡುತ್ತದೆ. ಮಗಳು ಐದನೇ ಕ್ಲಾಸಿನಲ್ಲಿದ್ದ ವರ್ಷವಂತೂ ಅದು ಮತ್ಸ್ಯಕನ್ಯೆಯರ ಜೊತೆಯಲ್ಲೇ ಬಂತು. ಅವಳು ಲೈಬ್ರರಿಯಿಂದ ತರುತ್ತಿದ್ದ ಇಂಗ್ಲಿಷ್ ಕಥೆ. ಒಟ್ಟು ಆರು ಭಾಗ.

ಅರ್ಧ ಮೀನು

ಮೊದಲ ಪುಸ್ತಕದ ಮುಖಪುಟ ನೋಡಿ ಅತ್ತೆ ಬಾಗಿಲಲ್ಲೇ ತಡೆದರು. "ಏನೇ ಇದು, ನಮ್ಮ ಮನೆಯೊಳಗೆ ಮೀನು?"

"ಪೂರಾ ಅಲ್ಲ ಅಜ್ಜೀ, ಆಧಾ ಹೀ ಮಛಲಿ ಹೈ, ಅರ್ಧ ಮಾತ್ರ ಮೀನು," ಎಂದಳು ಮಗಳು, ಎಂದಿನಂತೆ ಹಿಂದಿ ಬೆರೆಸಿ.

ಅತ್ತೆ ಸ್ವಲ್ಪ ಯೋಚಿಸಿ, ಚಿತ್ರಕ್ಕೆ ಸೊಂಟದಿಂದ ಕೆಳಗೆ ಬ್ರೌನ್ ಪೇಪರ್ ಸುತ್ತಿಸಿದರು. "ಈಗ ಸೀರೆ ಉಟ್ಟ ಹಾಗಾಯ್ತು. ಬರಲಿ ಒಳಗೆ."

ಮಡಿ

ಆಮೇಲೆ ದಿನಾ ಸಂಜೆ ಅತ್ತೆ ಬತ್ತಿ ಹೊಸೆಯುತ್ತಾ ಕಥೆ ಕೇಳತೊಡಗಿದರು.

"ಅವಳು ಯಾವಾಗಲೂ ನೀರಲ್ಲೇ ಇರ್ತಾಳಾ?"

"ಹಾಂ ಅಜ್ಜೀ."

"ಹಾಗಾದ್ರೆ ಇಡೀ ದಿನ ಮಡಿ! ನಿನ್ನನ್ನು ಒಂದು ಸ್ನಾನಕ್ಕೆ ಮೂರು ಸಲ ಕರೀಬೇಕು."

ಬಿಡುಗಡೆ

ನವರಾತ್ರಿಯಲ್ಲಿ ಶಾರದಾಪೂಜೆಗೆ ನಾನು ಮನೆಯ ಪುಸ್ತಕಗಳನ್ನೆಲ್ಲ ಪೀಠದ ಮೇಲೆ ಜೋಡಿಸಿದೆ. ಕೊನೆಯ ಭಾಗವೂ ಅದರಲ್ಲಿ ಸೇರಿಹೋಗಿತ್ತು. ಶಾಲೆಯಿಂದ ಬಂದ ಮಗಳು ಗೋಳೋ ಎಂದಳು. ಎಂಟೇ ಪುಟ ಉಳಿದಿತ್ತಂತೆ. ಮತ್ಸ್ಯಕನ್ಯೆ ಶಂಖದ ಸೆರೆಮನೆಯಲ್ಲಿದ್ದಳಂತೆ!

ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿವರೆಗೆ ಮುಟ್ಟುವಂತಿಲ್ಲ. ಮೂರು ದಿನ ಮಗುವಿಗೆ ಪಾಯಸವೂ ರುಚಿಸಲಿಲ್ಲ. ನನಗೂ ದೀಪಕ್ಕೆ ಎಣ್ಣೆ ಹಾಕುವಾಗ ಕಣ್ಣು ಆ ಪುಸ್ತಕದ ಮೇಲೇ. 'ತಾಯೀ, ನೀನಾದರೂ ಓದಿ ಮುಗಿಸಿರ್ತೀಯಲ್ಲ,' ಅಂದುಕೊಳ್ಳುತ್ತಿದ್ದೆ.

ದಶಮಿ ಬೆಳಿಗ್ಗೆ, ಗಂಟೆಗಟ್ಟಲೆ ಪೂಜೆ ಮಾಡುವ ಅತ್ತೆ ಹತ್ತೇ ನಿಮಿಷದಲ್ಲಿ ಆರತಿ ಮುಗಿಸಿದರು. "ಮೊದಲು ಓದು. ಕಾಫಿ ಆಮೇಲೆ."

ಮಗಳು ಓದಿದಳು. ಶಂಖ ಒಡೆಯಿತು, ಮತ್ಸ್ಯಕನ್ಯೆ ಅಮ್ಮನ ಮಡಿಲು ಸೇರಿದಳು. ಮೂವರೂ ಒಟ್ಟಿಗೆ ಉಸಿರುಬಿಟ್ಟೆವು.

"ಅವಳು ಬಿಡುಗಡೆ ಆಗಲಿ ಅಂತ ನಾನು ಹರಕೆ ಹೇಳಿಕೊಂಡಿದ್ದೆ," ಎಂದರು ಅತ್ತೆ.

"ಅಜ್ಜೀ, ಅದು ಪಹಲೇ ಸೇ ಛಪಾ ಹುವಾ ಥಾ, ಮೊದಲೇ ಅಚ್ಚಾಗಿತ್ತು!"

"ಛಾಪಿಸಿದವನಿಗೆ ಬುದ್ಧಿ ಕೊಟ್ಟವರು ಯಾರು?"

ಹರಕೆ ಎಂದರೆ ಹರಕೆಯೇ. ಭಾನುವಾರ ಲೋಕಲ್ ರೈಲು ಹತ್ತಿ ಥಾಣೆ ಊರಿನ ಕೆರೆಗೆ ಹೋದೆವು. ಅತ್ತೆ ಮಂಡಕ್ಕಿ ಚೆಲ್ಲಿದರು. ಮೀನುಗಳು ಗುಂಪಾಗಿ ಮೇಲೆ ಬಂದವು. ಅತ್ತೆ ಬಗ್ಗಿ, ಮದುವೆ ಮನೆಯವರಿಗೆ ಸುದ್ದಿ ಹೇಳುವ ದನಿಯಲ್ಲಿ ಅವಕ್ಕೆ ಹೇಳಿದರು:

"ಇನ್ನು ಚಿಂತೆ ಮಾಡಬೇಡಿ. ನಿಮ್ಮ ಹುಡುಗಿ ಕ್ಷೇಮವಾಗಿ ಮನೆ ಸೇರಿದ್ದಾಳೆ."